ನೀರೊಂದನ್ನು ಬಿಟ್ಟು ಎಲ್ಲವನ್ನೂ ಅಳೆದಾಯಿತು

ಕಾರ್ಖಾನೆಯ ಪಂಪಿನ ದಕ್ಷತೆ ಅಳೆಯುವುದು ಸಣ್ಣ ಮಾತಲ್ಲ. ಪವರ್ ಅನಲೈಸರ್ ಬರುತ್ತದೆ, ಹೆಲ್ಮೆಟ್ ಬರುತ್ತದೆ, ಫೋಟೋ ತೆಗೆಯುವವರೂ ಬರುತ್ತಾರೆ. ಮೋಟಾರು ಎಳೆಯುವ ವಿದ್ಯುತ್ತು 18.037 ಕಿಲೋವ್ಯಾಟ್ ಎಂದು ಭಯಭಕ್ತಿಯಿಂದ ಬರೆದುಕೊಳ್ಳಲಾಗುತ್ತದೆ.

"ಸರಿ, ನೀರೆಷ್ಟು ಬರ್ತಿದೆ?"

"ನೇಮ್‌ಪ್ಲೇಟಲ್ಲಿದೆಯಲ್ಲ ಸಾರ್, ಗಂಟೆಗೆ 100 ಘನ ಮೀಟರ್."

ಅದು ಪಂಪು ಹುಟ್ಟಿದ ದಿನದ ಜಾತಕ. ಆಮೇಲೆ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಸವೆದಿದೆ. ಆ ಚಕ್ರದ ಸುತ್ತ ಸೋರಿಕೆ ತಡೆಯುವ ವೇರ್ ರಿಂಗ್ ಸಡಿಲಾಗಿ, ಒತ್ತಿ ಕಳಿಸಿದ ನೀರಿನಲ್ಲಿ ಒಂದು ಪಾಲು ಒಳಗೊಳಗೇ ಹಿಂದಕ್ಕೆ ಸೋರುತ್ತಿದೆ. ತಗಡಿಗೆ ಇದೆಲ್ಲ ಗೊತ್ತಾಗುವುದು ಹೇಗೆ? ಇನ್ನು ಪ್ರೆಶರ್ ಗೇಜು. ಪಂಪು ನಿಲ್ಲಿಸಿ ನೀರು ಬಸಿದರೂ ಮುಳ್ಳು ಎರಡು ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದಿಂದ ಕದಲುವುದಿಲ್ಲ. ಅಷ್ಟು ನಿಷ್ಠೆ ಮನುಷ್ಯರಲ್ಲೂ ಅಪರೂಪ. ಫ್ಲೋ ಮೀಟರ್ ತಂದ ಪುಣ್ಯಾತ್ಮರೂ ಇದ್ದಾರೆ. ಅದಕ್ಕೆ ನೇರ ಪೈಪು ಬೇಕು, ಆದರೆ ಕೈಗೆಟಕುವ ಜಾಗ ಎಲ್ಬೋ, ಅಂದರೆ ಪೈಪಿನ ತಿರುವಿನ, ಪಕ್ಕದಲ್ಲಿತ್ತು, ಅಲ್ಲೇ ಕಟ್ಟಿದರು.

ಲೆಕ್ಕ ಕಷ್ಟದ್ದಲ್ಲ. ನೀರಿಗೆ ಸೇರಿದ ಶಕ್ತಿಯನ್ನು ಮೋಟಾರು ತಿಂದದ್ದರಿಂದ ಭಾಗಿಸಬೇಕು. ಗಂಟೆಗೆ 100 ಘನ ಮೀಟರ್ ನೀರನ್ನು 40 ಮೀಟರ್ ಹೆಡ್‌ಗೆ (ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಲೆಕ್ಕ) ಏರಿಸಿದರೆ ಸುಮಾರು 10.9 ಕಿಲೋವ್ಯಾಟ್. ತಿಂದದ್ದು 18. ಅಲ್ಲಿಗೆ 60 ಪರ್ಸೆಂಟ್. ಚಪ್ಪಾಳೆ!

ಆದರೆ ಪಂಪಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ವಾಲ್ವ್ ಇದೆ, ಅರ್ಧಂಬರ್ಧ ಮುಚ್ಚಿದ್ದು. ಅದನ್ನು ದಾಟಿದ ನೀರಿಗೆ ಉಳಿಯುವುದು 22 ಮೀಟರ್ ಹೆಡ್, ಪ್ಲಾಂಟಿಗೆ ಬೇಕಿರುವುದೂ ಅಷ್ಟೇ. ಅಂದರೆ ಕೆಲಸಕ್ಕೆ ಬಂದದ್ದು 6 ಕಿಲೋವ್ಯಾಟ್, ಮೂರರಲ್ಲೊಂದು ಪಾಲು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಈ ಕೆಲಸ ವರ್ಷವಿಡೀ ನಡೆಯುತ್ತದೆ. ವಾಲ್ವ್ ಪಂಪಿನ ಭಾಗವಲ್ಲವಾದ್ದರಿಂದ ರಿಪೋರ್ಟಿನಲ್ಲಿ ಅದಕ್ಕೆ ಜಾಗವಿಲ್ಲ.

ಇಷ್ಟು ದೊಡ್ಡ ಪಂಪು ಬಂದದ್ದಾದರೂ ಹೇಗೆ? ಡಿಸೈನಿನವರು 'ಇರಲಿ' ಎಂದು 10 ಪರ್ಸೆಂಟ್ ಸೇರಿಸಿದರು. ಪರ್ಚೇಸಿನವರು ಅದರ ಮೇಲೆ 10, ದೊಡ್ಡ ಸಾಹೇಬರು ಸಹಿ ಹಾಕುವಾಗ ಇನ್ನೊಂದು 10. ಮೂರು 'ಇರಲಿ' ಸೇರಿ 33 ಆಯಿತು. ವೇಗ ತಗ್ಗಿಸುವ ಡ್ರೈವ್ ಹಾಕಬಹುದಿತ್ತು. ಪೈಪಿನ ಘರ್ಷಣೆಯೇ ಮುಖ್ಯವಾಗಿರುವ ಕಡೆ ವೇಗವನ್ನು 80 ಪರ್ಸೆಂಟಿಗೆ ಇಳಿಸಿದರೆ ಬೇಕಾಗುವ ಶಕ್ತಿ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಡ್ರೈವ್ ದುಬಾರಿ ಎಂದು ಬೇಡವೆಂದರು. ಕರೆಂಟ್ ಬಿಲ್ಲು ಬೇರೆ ಡಿಪಾರ್ಟ್‌ಮೆಂಟಿನದು.

ಕೊನೆಗೆ ರಿಪೋರ್ಟಿನ ಶಿಫಾರಸು ಬಂತು: ಹೆಚ್ಚು ದಕ್ಷತೆಯ ಹೊಸ ಪಂಪು ಕೊಳ್ಳಿ, ಮುಂದಿನ ವಿಸ್ತರಣೆಗೂ ಆಗುವಂತೆ ಒಂದು ಸೈಜ್ ದೊಡ್ಡದೇ ಇರಲಿ. ವಾಲ್ವನ್ನು ಬದಲಿಸಬೇಕಿಲ್ಲವಂತೆ, ಅದು ಚೆನ್ನಾಗಿ ಮುಚ್ಚಿಕೊಳ್ಳುತ್ತಿದೆ.