ಬಾಟಲಿಯ ಜೊತೆ ಭೂತಗನ್ನಡಿಯೂ ಕೊಡಿ ಸ್ವಾಮಿ

ಮುಂಗಾರು ಬಂತೆಂದರೆ ಆ ಪ್ರಕಟಣೆಯೂ ಬಂದೇ ಬರುತ್ತದೆ: ‘ರೈತ ಬಾಂಧವರು ಕಳೆನಾಶಕದ ಲೇಬಲ್ ಓದಿ, ಅದರಲ್ಲಿ ತಿಳಿಸಿದಂತೆಯೇ ಸಿಂಪಡಿಸತಕ್ಕದ್ದು.’ ಎಂಥ ಸದುಪದೇಶ! ಬರೆದವರ ಕೈಗೆ ಮದ್ದೂರಿನ ಬೆಲ್ಲವನ್ನೇ ಇಡಬೇಕು.

ಲೇಬಲ್ಲಿಗೇನು ಕೊರತೆಯಿಲ್ಲ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಅದರ ಬೆನ್ನಿಗಿವೆ. ಬಾಟಲಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಘೋರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೆಂದರೆ ಸ್ವಲ್ಪ ಕಡಿಮೆ ವಿಷ ಎಂದಷ್ಟೇ. ಆದರೆ ಹಸಿರು ಶಾಲು ಹೊದ್ದು ಹೆದ್ದಾರಿ ತಡೆದ ರೈತರ ಮಂಡ್ಯ ಜಿಲ್ಲೆಯಲ್ಲಿ ಹಸಿರಿಗೆ ಹೆದರುವವರು ಯಾರು?

ಇನ್ನು ಬಾಟಲಿಯ ಜೊತೆ ಬರುವ ಕರಪತ್ರ. ಬಿಚ್ಚುತ್ತಾ ಹೋದರೆ ಹಿಂದಿ, ಇಂಗ್ಲಿಷ್, ಮತ್ತೊಂದು, ಮಗದೊಂದು. ಕೊನೆಯ ಮಡಿಕೆಯಲ್ಲಿ ಕನ್ನಡ ಸಿಕ್ಕಿತೆಂದು ಹಿಗ್ಗುವ ಹೊತ್ತಿಗೆ ಅಕ್ಷರಗಳು ಸಾಸಿವೆಗಿಂತ ಸಣ್ಣ. ಅಷ್ಟರಲ್ಲಿ ಗೊಬ್ಬರದಂಗಡಿಯ ಹುಡುಗ, ‘ಟ್ಯಾಂಕಿಗೆ ಎರಡು ಮುಚ್ಚಳ ಹಾಕಿ ಅಣ್ಣ, ಜೇಕು ಕಳೆ ಜಾಸ್ತಿಯಿದ್ದರೆ ಮೂರು’ ಎಂದಿರುತ್ತಾನೆ. ಪಕ್ಕದಲ್ಲಿ ನಿಂತವರು ಒಂದು ಹಿಡಿ ಉಪ್ಪು, ಸ್ವಲ್ಪ ಯೂರಿಯಾ ಸೇರಿಸಿಕೊಡುತ್ತಾರೆ. ಕಬ್ಬಿಗೆ 2,4-ಡಿ ಎಂಬ ಕಳೆನಾಶಕ ಹೊಡೆದ ಟ್ಯಾಂಕನ್ನು ನಾಲೆಯಲ್ಲಿ ಒಮ್ಮೆ ಅದ್ದಿ, ಅದರಲ್ಲೇ ಟೊಮೆಟೊಗೆ ಹುಳುವಿನ ಔಷಧಿ. ವಾರ ಕಳೆದರೆ ಟ್ಯಾಂಕಿನಲ್ಲುಳಿದ ಕಳೆನಾಶಕಕ್ಕೆ ಟೊಮೆಟೊ ಎಲೆಯೆಲ್ಲ ಸುರುಳಿ. ‘ವೈರಸ್ಸು’ ಎನ್ನುತ್ತಾನೆ ಅದೇ ಹುಡುಗ; ಅದಕ್ಕೊಂದು ಹೊಸ ಬಾಟಲಿ.

2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರೇ ಬಳಸಬೇಕೆಂದು ಆದೇಶ ಹೊರಡಿಸಿತು. ಅಂದರೆ ಮೈಸೂರಿನ ಬಡಾವಣೆಗಳಲ್ಲಿ ಜಿರಳೆ, ಗೆದ್ದಲಿಗೆ ಔಷಧಿ ಹೊಡೆಯುವವರು ಮಳವಳ್ಳಿಯ ಅರ್ಧ ಎಕರೆ ಗದ್ದೆಯ ಬದುವಿಗೂ ದಯಮಾಡಿಸಬೇಕು. ಬರುತ್ತಾರೆ, ಬರುತ್ತಾರೆ, ಬಾಡೂಟವಿದ್ದರೆ ಖಂಡಿತ ಬರುತ್ತಾರೆ.

ಈ ದೇಶದಲ್ಲಿ ಕಳೆಯ ವಿಷಯಕ್ಕೆ ನೆಟ್ಟಗೆ ತನಿಖೆ ಎದುರಿಸಿದ್ದು, ನನಗೆ ತಿಳಿದ ಮಟ್ಟಿಗೆ, ಒಂದು ದುಂಬಿ. ಕಾಂಗ್ರೆಸ್ ಗಿಡ ಅರ್ಥಾತ್ ಪಾರ್ಥೇನಿಯಂ ತಿನ್ನಲೆಂದು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಕರೆಸಿದ ದುಂಬಿ ಅದು. ಪಾಪ, ವಹಿಸಿದ ಕೆಲಸ ಮಾಡಿಕೊಂಡಿತ್ತು. ಎಲ್ಲೋ ಸೂರ್ಯಕಾಂತಿಯ ಎಲೆ ಮೆದ್ದಿತೆಂಬ ದೂರು ಬಂದದ್ದೇ ತಡ, ಸತ್ಯಶೋಧನಾ ಸಮಿತಿಯೇ ರಚನೆಯಾಯಿತು! ಆರು ಕಾಲಿದ್ದೂ ಓಡಿಹೋಗದೆ ವಿಚಾರಣೆ ಎದುರಿಸಿದ ಆ ಜೀವಕ್ಕೆ ನನ್ನ ನಮಸ್ಕಾರ. ತಪ್ಪು ಔಷಧಿ ಕೊಟ್ಟ ಎರಡು ಕಾಲಿನವರ ಮೇಲೆ ಸಮಿತಿ ಕೂತದ್ದನ್ನು ನಾನಂತೂ ಕಾಣೆ.

ಕೈಗವಸು, ಮುಖಗವಸು, ರಬ್ಬರ್ ಬೂಟು ಹಾಕಿಕೊಳ್ಳಬೇಕಂತೆ. ಖಾಲಿ ಡಬ್ಬಿ ಒಡೆದು ಊರಿನಿಂದ ದೂರ ಹೂಳಬೇಕಂತೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬಿನ ಬಳಿ ತೇಲುತ್ತಿರುವ ಬಾಟಲಿಗಳಿಗೆ ಈ ನಿಯಮ ಓದಿ ಹೇಳುವವರು ಬೇಕಾಗಿದ್ದಾರೆ.

ತಮಾಷೆ ಸಾಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಶ್ವಾಸಕೋಶ ಕೆಟ್ಟು ಜನ ಸಾಯುತ್ತಾರೆ. ಕೊಂಡವನು ಗದ್ದೆಯ ಯಜಮಾನ, ಹೊಡೆಯುವವನು ಕೂಲಿಯಾಳು. ಮೂಗಿಗೊಂದು ಟವೆಲ್, ಬರಿಗಾಲು, ಸೋರುವ ಟ್ಯಾಂಕಿನಿಂದ ಒದ್ದೆಯಾದ ಬೆನ್ನು. ಲೇಬಲ್ ಇರುವ ಬಾಟಲಿ ಅವನ ಕೈಗೆ ಬರುವುದೇ ಇಲ್ಲ. ಯಜಮಾನನೇ ಬಕೆಟ್ಟಿನಲ್ಲಿ ಕಲಸಿ ಕೊಟ್ಟಿರುತ್ತಾನೆ. ಏನನ್ನು ಓದಬೇಕಿತ್ತು ಅವನು?