ಬಿಟ್ಟ ಮೀನೆಲ್ಲ ಬದುಕುತ್ತದೆಯೇ? ಸತ್ಯಾಂಶ

‘ಗಾಳಕ್ಕೆ ಸಿಕ್ಕ ಮೀನನ್ನು ಫೋಟೋ ತೆಗೆದು ನೀರಿಗೆ ಬಿಟ್ಟರೆ ಅದಕ್ಕೇನೂ ಆಗದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಈಜಿ ಹೋದ ಮೀನೂ ಕೆಲವು ಗಂಟೆಗಳ ನಂತರ ಸಾಯಬಹುದು. ಜಗ್ಗಾಟದಲ್ಲಿ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿರುತ್ತದೆ. ನೀರಿನಿಂದ ಎತ್ತಿದೊಡನೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟವೇ ಕಷ್ಟವಾಗುತ್ತದೆ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ; ಸೋಂಕು ತಡೆಯುವುದೇ ಆ ಲೋಳೆ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಪಾಯ ಇನ್ನೂ ಹೆಚ್ಚು.

ಹಾಗಾಗಿ ಹೊಸಬರು ಗಾಳದ ಹಿಮ್ಮುಳ್ಳನ್ನು (ತುದಿಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು) ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿ. ಮೀನು ನೀರಿನಲ್ಲೇ ಇರಲಿ, ಕೈ ಒದ್ದೆಯಿರಲಿ. ಗಾಳ ಗಂಟಲಿಗಿಳಿದಿದ್ದರೆ ಎಳೆಯಬೇಡಿ, ದಾರ ಕತ್ತರಿಸಿ. ಫೋಟೋ ಇಲ್ಲದಿದ್ದರೂ ನಡೆಯುತ್ತದೆ, ನಿಜವಾಗಿ.

ಕಾವೇರಿ ವನ್ಯಜೀವಿ ಧಾಮದೊಳಗಂತೂ ‘ಬಿಟ್ಟುಬಿಡುತ್ತೇನೆ’ ಎಂದು ಗಾಳ ಹಾಕಲೇಬೇಡಿ. ಅಳಿವಿನಂಚಿನ ಡುಬ್ಬದ ಮಹಶೀರ್ ಮೀನು ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ.