ಗಿಫ್ಟಿಗೂ ಟ್ಯಾಕ್ಸು!

ಜರ್ಮನಿಯಿಂದ ಅಕ್ಕ ಲಂಡನ್ನಿನ ನಮ್ಮನೆಗೆ, ಮಗಳ ಹುಟ್ಟುಹಬ್ಬಕ್ಕೆ ಅಂತ ಮರದ ರೈಲು ಕಳಿಸಿದರೆ ಅದನ್ನು ಬಿಡಿಸಿಕೊಳ್ಳೋಕೆ ನಾನು ದುಡ್ಡು ಕಟ್ಟಬೇಕು! ಉಡುಗೊರೆ 39 ಪೌಂಡ್ ದಾಟಿತೋ, 20% ವ್ಯಾಟ್. ಮೇಲೆ ಕೊರಿಯರ್‌ನವರ ‘ಹ್ಯಾಂಡ್ಲಿಂಗ್’ ಶುಲ್ಕ ಬೇರೆ. ಏನು ಹ್ಯಾಂಡಲ್ ಮಾಡಿದರೋ, ಡಬ್ಬಿಯಂತೂ ಜಜ್ಜಿಹೋಗಿತ್ತು. ಬ್ರೆಕ್ಸಿಟ್ ಅಂತ ಬ್ರಿಟನ್ ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದದ್ದರ ಫಲ ಇದು; 2021ರ ಜನವರಿಗೆ ಮುಂಚೆ ಇದ್ಯಾವುದೂ ಇರಲಿಲ್ಲ.

ಸರಿ, ಅಲ್ಲಿನ ಅಂಗಡಿಯಿಂದ ನಾವೇ ತರಿಸೋಣ ಅಂದ್ರೆ, 135 ಪೌಂಡ್‌ವರೆಗಿನ ಸಾಮಾನಿಗೆ ಮಾರುವವರೇ ಬ್ರಿಟನ್ನಿನಲ್ಲಿ ವ್ಯಾಟ್‌ಗೆ ನೋಂದಾಯಿಸಿ ತೆರಿಗೆ ಕಟ್ಟಬೇಕು. ಒಬ್ಬಿಬ್ಬರು ನಡೆಸುವ ಪುಟ್ಟ ಅಂಗಡಿಗೆ ಯಾಕೆ ಬೇಕು ಈ ತಲೆನೋವು, ‘ಬ್ರಿಟನ್ನಿಗೆ ಕಳಿಸುವುದಿಲ್ಲ’ ಅಂತ ಬರೆದು ಸುಮ್ನಾಗಿಬಿಡುತ್ತಾರೆ. ಅಕ್ಕನಿಗೆ ಹೇಳಿದ್ದೇನೆ, ಇನ್ಮೇಲೆ ಏನಿದ್ದರೂ ಸೂಟ್‌ಕೇಸಿನಲ್ಲೇ ತಂದುಬಿಡು. ಚೀಸ್ ಬೇಡ, 2025ರ ಏಪ್ರಿಲ್‌ನಲ್ಲಿ ಅದಕ್ಕೂ ತಡೆ ಹಾಕಿದ್ದಾರೆ!